ಯಾವ ಮನೆಯೋರು?

ನಮ್ಮ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರ ಹೆಸರು ಇಲ್ಲಿ ಬರೆಯಲ್ಲ. ಬರೆದರೂ ಪ್ರಯೋಜನ ಇಲ್ಲ. ಆ ಹೆಸರಿನವರು ಹುಣಸೂರು ಪೇಟೆಯೊಂದರಲ್ಲೇ ಬೀದಿಗೆ ಇಬ್ಬರು ಸಿಗುತ್ತಾರೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಸೇರಿಸಿಕೊಂಡರೆ ಒಂದು ಬಸ್ಸು ತುಂಬಿ, ಟಾಪಿನ ಮೇಲೂ ನಾಲ್ಕು ಜನ ಕೂರಬೇಕಾಗುತ್ತೆ. ಹೆಸರು ಹೇಳಿದರೆ ಮನುಷ್ಯ ಗೊತ್ತಾಗಲ್ಲ ಅನ್ನೋದು ಅವರದೇ ವಾದ. ಇಪ್ಪತ್ತೆರಡು ವರ್ಷ ನನ್ನ ಜೊತೆ ಅದನ್ನೇ ವಾದಿಸಿ, ಹೋದ ತಿಂಗಳು ತೀರಿಕೊಂಡರು. ಅವರ ತಿಥಿ ಕಾರ್ಡನ್ನು ನಾನೇ ಟೈಪ್ ಮಾಡಬೇಕಾಗಿ ಬಂತು. ಹೆಸರು, ದಿನ, ಹೊತ್ತು, ಜಾಗ ಎಲ್ಲ ಹಾಕಿದೆ. ಹೆಸರಿನ ಕೆಳಗೆ ಬ್ರಾಕೆಟ್ಟಿನಲ್ಲಿ ಮನೆ ಹೆಸರು ಬರಬೇಕಾದ ಸಾಲಿಗೆ ಬಂದಾಗ ಕೈ ನಿಂತುಹೋಯಿತು. ನಾಲ್ಕು ತಾಲ್ಲೂಕಿನ ಮನೆಗಳ ಹೆಸರು ಬಾಯಿಪಾಠ ಇದ್ದ ಮನುಷ್ಯನ ಸ್ವಂತ ಮನೆಗೆ ಏನಂತಾರೆ ಅಂತ ನನಗೆ ಗೊತ್ತಿರಲಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಹಳ್ಳಿಗಳಲ್ಲಿ ಪ್ರತಿ ಮನೆಗೂ ಒಂದು ಹೆಸರಿರುತ್ತೆ. ಅದು ಪಹಣಿಯಲ್ಲಿ ಇರಲ್ಲ, ರೇಷನ್ ಕಾರ್ಡಲ್ಲೂ ಇರಲ್ಲ. ಯಾವುದೋ ತಲೆಮಾರಿನಲ್ಲಿ ಒಬ್ಬ ಏನೋ ಮಾಡಿರುತ್ತಾನೆ, ಇಲ್ಲಾ ಅವನಿಗೆ ಏನೋ ಆಗಿರುತ್ತೆ, ಊರು ಅದನ್ನೇ ಹಿಡಿದುಕೊಂಡು ಇಡೀ ಮನೆಗೆ ಹಚ್ಚಿಬಿಡುತ್ತೆ. ಮೊಮ್ಮಕ್ಕಳು, ಮರಿಮಕ್ಕಳು ಕೂಡ ಅದೇ ಹೆಸರಲ್ಲಿ ಓಡಾಡಬೇಕು. ತಪ್ಪಿಸಿಕೊಳ್ಳೋಕೆ ಮದುವೆಯಾಗಿ ಪೇಟೆ ಸೇರಿದರೂ ಆಗಲ್ಲ. ಈ ಮಾತು ಸ್ವಂತ ಅನುಭವದಿಂದ ಹೇಳ್ತಾ ಇದ್ದೀನಿ.

ನಾನೂ ನಮ್ಮ ಯಜಮಾನರೂ ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿದ್ದ ಹಳೇ ಪ್ರೆಸ್ಸನ್ನು ಕೊಂಡಾಗ ಅದರ ಜೊತೆ ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಮಿಷನ್ನು, ಅಚ್ಚಿನ ಮೊಳೆ ತುಂಬಿದ ಮರದ ಪೆಟ್ಟಿಗೆಗಳು ಮತ್ತು ಅವರು ಬಂದರು. ಹಳೇ ಮಾಲೀಕರು ಬೀಗದ ಕೈ ಕೊಡುತ್ತಾ, ಇವರನ್ನ ಬಿಡಿಸಬೇಡಿ, ಇವರು ಹೋದರೆ ಗಿರಾಕಿಗಳೂ ಹೋಗುತ್ತಾರೆ ಅಂದರು. ನನಗೆ ಸಿಟ್ಟು ಬಂತು. ನಾವು ಕಂಪ್ಯೂಟರ್ ತಂದಿದ್ದೀವಿ, ಮೊಳೆ ಜೋಡಿಸುವವರನ್ನ ಇಟ್ಟುಕೊಂಡು ಏನು ಮಾಡೋದು ಅಂತ ಯಜಮಾನರ ಹತ್ತಿರ ಗೊಣಗಿದೆ. ಮೊಳೆ ಜೋಡಿಸುವವರ ಕಿವಿಗೆ ಅದು ಬಿದ್ದಿತ್ತು ಅಂತ ಕಾಣುತ್ತೆ. ಮಾರನೇ ದಿನ ಬೆಳಗ್ಗೆ ನನಗಿಂತ ಮುಂಚೆ ಬಂದು, ಬಾಗಿಲ ಮುಂದೆ ನೀರು ಹಾಕಿ, ತಮ್ಮ ಮೂರು ಕಾಲಿನ ಸ್ಟೂಲನ್ನು ನನ್ನ ಕಂಪ್ಯೂಟರ್ ಪಕ್ಕಕ್ಕೇ ಎಳೆದುಕೊಂಡು ಕೂತಿದ್ದರು. ಸಾಯುವವರೆಗೂ ಆ ಸ್ಟೂಲು ಅಲ್ಲಿಂದ ಕದಲಲಿಲ್ಲ. ನಾನು ಅಣ್ಣ ಅಂತಿದ್ದೆ, ಅವರು ನನ್ನನ್ನ ಅವ್ವ ಅಂತಿದ್ದರು. ಮಾಲಕಿ ಅನ್ನುವ ಮರ್ಯಾದೆ ಒಂದು ದಿನವೂ ಸಿಗಲಿಲ್ಲ.

ಪ್ರೂಫ್ ಕೊಟ್ಟರೆ ಕಾಗದವನ್ನು ತಲೆಕೆಳಗು ಮಾಡಿ ಓದುತ್ತಿದ್ದರು. ಮೂವತ್ತು ವರ್ಷ ಮೊಳೆಗಳನ್ನು ಹಾಗೇ ತಲೆಕೆಳಗಾಗಿ ಓದಿ ಅಭ್ಯಾಸ ಆಗಿತ್ತು. ನೆಟ್ಟಗೆ ಹಿಡಿದರೆ ಕಣ್ಣು ಓಡಿಬಿಡ್ತದೆ, ತಪ್ಪು ಸಿಗಲ್ಲ ಅನ್ನೋರು. ಒಂದು ಕೆಂಪು ಪೆನ್ಸಿಲು, ಅದನ್ನು ಸದಾ ಕಿವಿಯ ಮೇಲೆ ಸಿಕ್ಕಿಸಿಕೊಂಡು, ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅದೇ ಪ್ರೂಫನ್ನು ಮುಖದ ಮೇಲೆ ಹೊದ್ದುಕೊಂಡು ಇಪ್ಪತ್ತು ನಿಮಿಷ ನಿದ್ದೆ. ಎದ್ದ ತಕ್ಷಣ, ನಿದ್ದೆಯಲ್ಲೇ ಕಂಡುಹಿಡಿದವರ ಹಾಗೆ, "ಮೂರನೇ ಸಾಲಲ್ಲಿ ಒಂದ್ ಒತ್ತು ಬುಟ್ಟಿದ್ಯ ನೋಡವ್ವ" ಅನ್ನೋರು. ನೋಡಿದರೆ ಬಿಟ್ಟಿರುತ್ತಿದ್ದೆ. ಎಷ್ಟು ಉರಿಯುತ್ತಿತ್ತು ಗೊತ್ತಾ ನನಗೆ.

ಕಾರ್ಡು ಮಾಡಿಸೋಕೆ ಯಾರೇ ಬರಲಿ, ಮೊದಲು ಹೆಸರು ಕೇಳುತ್ತಿರಲಿಲ್ಲ. ಯಾವೂರು ಅಂತ ಕೇಳಿ, ಆಮೇಲೆ "ಯಾವ ಮನೆಯೋರು?" ಅನ್ನೋರು. ಬಂದವರಿಗೆ ಮುಜುಗರ. ಇಸ್ತ್ರಿ ಶರ್ಟು ಹಾಕಿಕೊಂಡು, ದೊಡ್ಡ ಫೋನು ಹಿಡಿದುಕೊಂಡು ಬಂದ ಗಂಡಸು, ನಾವು ಗೊರಕೆಯೋರ ಮನೆಯೋರು ಅಂತ ನನ್ನ ಮುಂದೆ ಹೇಗೆ ಹೇಳುತ್ತಾನೆ ಪಾಪ. ಆ ಕಡೆ ಈ ಕಡೆ ನೋಡುತ್ತಿದ್ದ. ಇವರು ಅವಸರ ಮಾಡುತ್ತಿರಲಿಲ್ಲ. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ನಿಧಾನವಾಗಿ ಒರೆಸುತ್ತಾ ಕಾಯುತ್ತಿದ್ದರು. ಕೊನೆಗೆ ಅವನು ಗಂಟಲೊಳಗೇ ಅಂದರೆ, ಇವರ ಮುಖ ಅರಳಿಬಿಡೋದು. "ಓ, ಗೊರಕೆಯೋರಾ? ನಿಮ್ಮ ಮುತ್ತಾತ ಕಣಯ್ಯ, ಕಣದಲ್ಲಿ ಮಲ್ಗಿದ್ರೆ ಕಳ್ರು ಬತ್ತಿರಲಿಲ್ವಂತೆ" ಅಂತ ಅವನ ಮನೆಯ ಕಥೆ ಅವನಿಗೇ ಹೇಳೋರು. ಬಂದವನು ಹೋಗುವಾಗ ನಗುತ್ತಾ ಹೋಗುತ್ತಿದ್ದ.

ಅವರಿಂದ ಕಲಿತ ಮೇಲೆ ನನಗೂ ಒಂದು ಲೆಕ್ಕ ಸಿಕ್ಕಿತು. ಕೆ.ಆರ್. ನಗರದ ಕಡೆ ನಾಲೆ ಇದೆಯಲ್ಲ, ಅಲ್ಲಿ ಹೆಸರುಗಳೂ ನೀರಿನವೇ. ತೂಬಿನೋರು, ಕೊನೇ ನೀರಿನೋರು. ಕೋಟೆ ಕಡೆ ಕಾಡು. ಅಲ್ಲಿ ಒಂದೇ ಊರಲ್ಲಿ ಆನೆ ಓಡಿಸ್ದೋರು ಅಂತ ಒಂದು ಮನೆ, ಆನೆ ಕಂಡು ಓಡ್ದೋರು ಅಂತ ಇನ್ನೊಂದು, ಎರಡೂ ಮನೆಯವರು ಹೆಣ್ಣು ಕೊಟ್ಟು ತಂದುಕೊಂಡು ಬೀಗರಾಗಿದ್ದಾರೆ. ಗಾವಡಗೆರೆ ಹೋಬಳಿಯಲ್ಲಿ ಸೈಕಲ್ನೋರು ಅಂತ ಇದ್ದಾರೆ, ಊರಿಗೆ ಮೊದಲ ಸೈಕಲ್ ತಂದವರು. ಈಗ ಮನೆ ಮುಂದೆ ಎರಡು ಕಾರು ನಿಂತಿವೆ, ಆದರೂ ಸೈಕಲ್ನೋರೇ. ಪಿರಿಯಾಪಟ್ಟಣದ ಹತ್ತಿರ ಉಪ್ಪು ಮರ್ತೋರು. ಮೂರು ತಲೆಮಾರಿನ ಹಿಂದೆ ಮದುವೆ ಊಟದ ಸಾರಿಗೆ ಉಪ್ಪು ಹಾಕುವುದನ್ನ ಮರೆತರಂತೆ, ಅವತ್ತಿನಿಂದ ಆ ಮನೆ ಹೆಂಗಸರು ಎಷ್ಟು ರುಚಿಯಾಗಿ ಅಡುಗೆ ಮಾಡಿದರೂ ಆ ಹೆಸರು ಹೋಗಿಲ್ಲ. ದೊಡ್ಮನೆಯೋರು ಅಂದರೆ ಒಂದೂರಲ್ಲಿ ಎಂಟು ಕಂಬದ ತೊಟ್ಟಿಮನೆ, ಇನ್ನೊಂದೂರಲ್ಲಿ ತಲೆ ಬಗ್ಗಿಸಿಕೊಂಡು ಒಳಗೆ ಹೋಗಬೇಕಾದ ಗುಡಿಸಲು, ಆಡಿಕೊಳ್ಳೋಕೆ ಇಟ್ಟಿದ್ದು. ಯಾವುದು ಯಾವ ಅರ್ಥ ಅಂತ ಊರು ಗೊತ್ತಿಲ್ಲದೆ ಹೇಳೋಕಾಗಲ್ಲ. ಅದಕ್ಕೇ ಅವರು ಮೊದಲು ಊರು ಕೇಳುತ್ತಿದ್ದದ್ದು.

ಇದನ್ನೆಲ್ಲ ಬರೆದಿಡಿ ಅಣ್ಣ, ಪುಸ್ತಕ ಮಾಡೋಣ ಅಂತ ಎಷ್ಟೋ ಸಲ ಹೇಳಿದೆ. ಬರೆದಿಟ್ಟರೆ ನಾಳೆ ಯಾವನಾದರೂ ಪಾಲಿನ ಜಗಳಕ್ಕೆ ಕೋರ್ಟಿಗೆ ತಗೊಂಡು ಹೋಗುತ್ತಾನೆ, ನಾನು ಸಾಕ್ಷಿ ಹೇಳಿಕೊಂಡು ಅಲೆಯಬೇಕು ಅಂತ ತಳ್ಳಿಹಾಕಿದರು. ಇಷ್ಟು ಜನರನ್ನ ಆಡಿಕೊಂಡ ಹಾಗೆ ಆಗಲ್ವಾ ಅಂತ ಒಂದು ಸಲ ಕೇಳಿದ್ದಕ್ಕೆ ಮಾತ್ರ ಪೆನ್ಸಿಲ್ ಕೆಳಗಿಟ್ಟು ಹೇಳಿದರು. "ಬಯ್ಯಕ್ಕೆ ಇಟ್ಟಿದ್ದಲ್ಲ ಕಣವ್ವ, ಕರಿಯಕ್ಕೆ ಇಟ್ಟಿದ್ದು."

ಅವರದ್ದೊಂದು ಕಾಯಿದೆ ಇತ್ತು. ಮದುವೆ ಕಾರ್ಡಿಗೆ ಮನೆ ಹೆಸರು ಬೇಕಾದರೆ ಹಾಕಿ, ಬೇಡವಾದರೆ ಬಿಡಿ. ತಿಥಿ ಕಾರ್ಡಿಗೆ ಮಾತ್ರ ಹಾಕಲೇಬೇಕು. ಮದುವೆಗೆ ಗುರುತಿಲ್ಲದವರು ಬಂದು ಉಂಡು ಹೋದರೂ ನಡೆಯುತ್ತೆ, ತಿಥಿಗೆ ಗುರುತಿದ್ದವರು ಬರಬೇಕು ಅನ್ನೋರು. ಮಣ್ಣಿಗೆ ಬರೋಕಾಗದೆ ಇದ್ದವರು, ದೂರದವರು, ಜಗಳ ಆಡಿ ಮಾತು ಬಿಟ್ಟವರು, ಎಲ್ಲರೂ ಬರುವುದು ತಿಥಿಗೇ. ಅದೂ ಅಲ್ಲದೆ ನಮ್ಮಲ್ಲಿ ತಿಥಿ ಕಾಗದವನ್ನ ಮನೆಯೊಳಗೆ ಇಟ್ಟುಕೊಳ್ಳಲ್ಲ. ಬಾಗಿಲಲ್ಲೇ ನಿಂತು ಓದಿ, ಹರಿದು ಹಾಕುತ್ತಾರೆ. ಒಂದೇ ಸಲ ಓದುವುದು, ಆ ಒಂದು ಸಲಕ್ಕೇ ಸತ್ತವರು ಯಾರು ಅಂತ ಗೊತ್ತಾಗಬೇಕು. ಎಷ್ಟೋ ಗಿರಾಕಿಗಳು, ನಮ್ಮಪ್ಪನ ಮರ್ಯಾದೆ ಪ್ರಶ್ನೆ, ಆ ಹೆಸರು ತೆಗೀರಿ ಅಂತ ಜಗಳ ಆಡಿದರೂ ಇವರು ಜಗ್ಗಲಿಲ್ಲ. ಜಗ್ಗಿದ್ದು ಒಂದೇ ಸಲ, ನನ್ನ ಮುಂದೆ.

ನಮ್ಮ ತವರು ಗಾವಡಗೆರೆ ಹತ್ತಿರದ ಒಂದು ಹಳ್ಳಿ. ನಮ್ಮದು ಕೋಳಿಯೋರ ಮನೆ. ಕೋಳಿ ಸಾಕಿದವರು ಅಂದುಕೊಳ್ಳಬೇಡಿ, ಕದ್ದವರು. ನಮ್ಮ ಮುತ್ತಾತ ಪಟೇಲರ ಹಿತ್ತಲಿಂದ ಒಂದು ಹುಂಜ ಎತ್ತಿಕೊಂಡು ಬಂದು ಸಿಕ್ಕಿಬಿದ್ದನಂತೆ. ಬಾಣಂತಿ ಹೆಂಡತಿಗೆ ಅಂತ ಕದ್ದ ಅನ್ನುತ್ತಿದ್ದಳು ನಮ್ಮಜ್ಜಿ. ಈ ಸಮಾಧಾನವನ್ನ ನಾನು ಅಣ್ಣನ ಮುಂದೆ ಹೇಳಿದಾಗ, ಬಾಣಂತಿಗೆ ಹುಂಜ ಯಾರು ಕೊಡ್ತಾರವ್ವ, ಬಾಯಿ ಚಪಲಕ್ಕೇ ಕದ್ದಿರಬೇಕು, ನಿಮ್ಮನೆಯೋರ ನಾಲಗೆ ನನಗೆ ಗೊತ್ತಿಲ್ವಾ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಸ್ಕೂಲಲ್ಲಿ ಹಾಜರಿ ಕೂಗಿದಾಗ ನಾನು ಎದ್ದು ನಿಂತರೆ ಹಿಂದಿನ ಬೆಂಚಿಂದ ಕೊಕ್ಕೊಕ್ಕೋ ಅಂತ ಕೂಗೋರು. ಮೇಷ್ಟ್ರೂ ನಗೋರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಅಪ್ಪನಿಗೆ ಇದ್ಯಾವುದೂ ತಾಕುತ್ತಿರಲಿಲ್ಲ. ಅಪ್ಪ ಗಾರೆ ಕೆಲಸದವನು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಟ್ಟುವುದರಲ್ಲಿ ಎತ್ತಿದ ಕೈ. ಕಟ್ಟೆಮಳಲವಾಡಿಯಿಂದ ಹಿಡಿದು ಕೊಪ್ಪದವರೆಗೆ, ಆ ಕಡೆ ಕೋಟೆಯವರೆಗೆ ಊರೂರು ತಿರುಗಿ ಬ್ಯಾರನ್ ಕಟ್ಟಿದ್ದ. ಹೋದ ಕಡೆಯೆಲ್ಲ, ನಾನು ಕೋಳಿಯೋರ ಜವರಪ್ಪ ಅಂತ ತಾನೇ ಹೇಳಿಕೊಳ್ಳುತ್ತಿದ್ದ. ಜನರೂ ಅದೇ ಹೆಸರಲ್ಲಿ ಹುಡುಕಿಕೊಂಡು ಬರುತ್ತಿದ್ದರು. ನನ್ನ ಮದುವೆಯಲ್ಲೂ ಬೀಗರ ಮುಂದೆ ಹಾಗೇ ಹೇಳಿಕೊಂಡಾಗ ನಾನು ಭೂಮಿಗೆ ಇಳಿದುಹೋದೆ.

ಒಂಬತ್ತು ವರ್ಷದ ಹಿಂದೆ ಅಪ್ಪ ಹೋದ. ಕಾರ್ಡು ನಾನೇ ಮಾಡಿದೆ. 'ಶ್ರೀಯುತ ಕೆ. ಜವರಪ್ಪನವರು' ಅಂತ ಹಾಕಿ ಮನೆ ಹೆಸರು ಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಅಪ್ಪನದು ಒಂದೂ ಒಳ್ಳೇ ಫೋಟೋ ಇರಲಿಲ್ಲ, ಎಲ್ಲದರಲ್ಲೂ ತಲೆಗೆ ಟವೆಲ್ಲು, ಮೈಗೆ ಸಿಮೆಂಟು. ಸ್ಟುಡಿಯೋದವರ ಹತ್ತಿರ ಹೇಳಿ ಕೋಟು, ಟೈ ಹಾಕಿಸಿ, ತಲೆಗೂದಲು ಕಪ್ಪು ಮಾಡಿಸಿದೆ. ಊಟಕ್ಕೆ ಕೋಳಿ ಬೇಡವೇ ಬೇಡ, ಕುರಿನೇ ಆಗಬೇಕು ಅಂತಲೂ ಹಟ ಹಿಡಿದೆ. ಅಪ್ಪನಿಗೆ ಕೋಳಿ ಸಾರು ಅಂದರೆ ಪ್ರಾಣ.

ಪ್ರೂಫ್ ಅಣ್ಣನ ಕೈಗೆ ಹೋಯಿತು. ತಲೆಕೆಳಗು ಮಾಡಿ ಓದಿ, ಹೆಸರಿನ ಕೆಳಗೆ ಕೆಂಪು ಪೆನ್ಸಿಲಲ್ಲಿ ಒಂದು ಗುರುತು ಹಾಕಿ, ಪಕ್ಕದಲ್ಲಿ 'ಕೋಳಿಯೋರ ಮನೆ' ಅಂತ ಬರೆದು ಕೊಟ್ಟರು. ನಾನು ಅವರ ಎದುರಿಗೇ ಪೆನ್ ತಗೊಂಡು ಅದನ್ನ ಹೊಡೆದು ಹಾಕಿದೆ.

"ನಿಮ್ಮಪ್ಪನ್ನ ಯಾರೂ ಗುರ್ತಿಸಕಿಲ್ಲ ಕಣವ್ವ" ಅಂದರು.

"ಪ್ರೆಸ್ಸು ನಂದು, ಅಪ್ಪನೂ ನನ್ನವನೇ. ಹೇಳಿದಷ್ಟು ಮಾಡಿ" ಅಂದೆ.

ಅಷ್ಟು ವರ್ಷದಲ್ಲಿ ನಾನು ಅವರಿಗೆ ಮಾಲಕಿಯ ಹಾಗೆ ಮಾತಾಡಿದ್ದು ಅವತ್ತೊಂದೇ ದಿನ. ಅವರು ಎದ್ದು ಹೋಗಿ ಮಿಷನ್ನಿಗೆ ಕಾಗದ ಹಾಕಿದರು.

ತಿಥಿ ದಿನ ಹನ್ನೊಂದು ಗಂಟೆ ಆದರೂ ಶಾಮಿಯಾನದಡಿ ನಮ್ಮೂರಿನವರು ಬಿಟ್ಟರೆ ಬೇರೆ ಯಾರೂ ಇಲ್ಲ. ಹಂಡೆಗಳಲ್ಲಿ ಅಡುಗೆ ಆಗಿದೆ, ಎಲೆ ಕಟ್ಟು ಬಿಚ್ಚಿಲ್ಲ. ಅಮ್ಮ ಎಡೆ ಇಟ್ಟು ರಸ್ತೆ ಕಡೆಗೇ ನೋಡುತ್ತಾ ಕೂತಿದ್ದಳು. ನಲವತ್ತು ವರ್ಷ ಊರೂರಿಗೆ ದುಡಿದವನಿಗೆ ಒಂದು ಊರೂ ಬರಲಿಲ್ವಲ್ಲ ಮಗಳೇ ಅಂದಳು. ನನಗೆ ಇನ್ನೂ ಬುದ್ಧಿ ಬಂದಿರಲಿಲ್ಲ, ಜನ ಕೃತಘ್ನರು ಅಂತ ಬೈದುಕೊಂಡೆ.

ಆಗ ನಮ್ಮೂರಿನ ಇನ್ನೊಬ್ಬ ಜವರಪ್ಪನವರು ಬಂದರು. ಮೂರು ಬಾಗ್ಲೋರ ಮನೆಯವರು, ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು, ಸಭೆ ಸಮಾರಂಭಕ್ಕೆ ಕೋಟು ಹಾಕಿಕೊಂಡು ಹೋಗುವವರು ಊರಿಗೆಲ್ಲ ಅವರೊಬ್ಬರೇ. ಅವರ ಕೈಯಲ್ಲಿ ಮೂರು ಹೂವಿನ ಹಾರ. ಬೆಳಗ್ಗೆ ಜಗಲಿ ಮೇಲೆ ರೊಟ್ಟಿ ತಿನ್ನುತ್ತಾ ಕೂತಿದ್ದರಂತೆ, ಪಿರಿಯಾಪಟ್ಟಣ ಕಡೆಯಿಂದ ಒಂದು ಗುಂಪು, ಕಾರ್ಡಿನ ಕೋಟು ನೋಡಿ ಸತ್ತವರು ಇವರೇ ಅಂದುಕೊಂಡು, ಹಾರ ಹಿಡಿದುಕೊಂಡು ಅವರ ಮನೆ ಮುಂದೆ ಬಂದು, ಇವರನ್ನ ಕಂಡು ಗಾಬರಿ ಬಿದ್ದು, ಇವರು ಬಾಯಿ ತೆಗೆಯುವ ಮುಂಚೆಯೇ ಹಾರ ಅಲ್ಲೇ ಇಟ್ಟು ಮುಂದಿನ ಬಸ್ಸಿಗೆ ವಾಪಸ್ಸು ಹೋದರಂತೆ. "ತಗೋಳವ್ವ, ನಿಮ್ಮಪ್ಪಂದು ನಮ್ಮನೆಗೆ ಬಂದದೆ" ಅಂತ ಹಾರಗಳನ್ನ ನನ್ನ ಕೈಗೆ ಕೊಟ್ಟರು. ಅವರು ನಗುತ್ತಲೇ ಇದ್ದರು, ಆದರೆ ನನಗೆ ಆ ಹಾರ ಹಿಡಿದುಕೊಂಡು ನಿಲ್ಲೋಕಾಗಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ನಮ್ಮಪ್ಪನನ್ನ ನಾನೇ ಯಾರೂ ಅಲ್ಲದವನನ್ನಾಗಿ ಮಾಡಿದ್ದೆ.

ಒಂದು ಗಂಟೆಯ ಸುಮಾರಿಗೆ ಟೆಂಪೋ ಸದ್ದು ಕೇಳಿಸಿತು. ಅದರ ಹಿಂದೆ ಇನ್ನೊಂದು. ಆಮೇಲೆ ಬಸ್ಸಿಂದ ಇಳಿದು ನಡೆದುಕೊಂಡು ಬರುವವರು, ಬೈಕಿನವರು, ಗೂಡ್ಸ್ ಆಟೋದಲ್ಲಿ ನಿಂತುಕೊಂಡು ಬಂದವರು. ಬಂದವರೆಲ್ಲ ನನಗೆ ಒಂದೇ ಮಾತು ಬೈದರು, ಕೋಳಿಯೋರ ಜವರಪ್ಪ ಅಂತ ಹಾಕಬಾರದಿತ್ತಾ ತಾಯಿ, ಯಾರೋ ಸಾಹೇಬರು ಸತ್ತಿದ್ದಾರೆ ಅಂದುಕೊಂಡು ಕಾಗದ ಹರಿದು ಹಾಕಿದ್ವಿ ಅಂತ. ಒಬ್ಬೊಬ್ಬರೂ ಅಪ್ಪ ಕಟ್ಟಿದ ಬ್ಯಾರನ್ ಕಥೆ ಹೇಳೋರು. ಕೊಪ್ಪದ ಕಡೆಯ ಒಬ್ಬರು, ನಮ್ಮ ಬ್ಯಾರನ್ನಿಗೆ ಈಗಲೂ ಕೋಳಿಯೋರ ಬ್ಯಾರನ್ ಅಂತಲೇ ಹೆಸರು, ಇಷ್ಟು ವರ್ಷದಲ್ಲಿ ಒಂದು ಬಿರುಕು ಬಿಟ್ಟಿಲ್ಲ ಅಂದರು.

ಆಗಿದ್ದು ಇಷ್ಟು. ಹಿಂದಿನ ದಿನ ಪ್ರೆಸ್ಸಿಗೆ ಪಿರಿಯಾಪಟ್ಟಣ ಕಡೆಯ ಗಿರಾಕಿಯೊಬ್ಬರು ಮದುವೆ ಕಾರ್ಡಿಗೆ ಬಂದಿದ್ದಾರೆ. ಮೇಜಿನ ಮೇಲೆ ಉಳಿದಿದ್ದ ಅಪ್ಪನ ಕಾರ್ಡು ನೋಡಿ, ಇವರು ಯಾರು, ಇನ್‌ಸ್ಪೆಕ್ಟರಾ ಅಂತ ಕೇಳಿದ್ದಾರೆ. ಅಪ್ಪ ಬ್ಯಾರನ್ ಕಟ್ಟಿಕೊಟ್ಟಿದ್ದು ಅವರ ಮನೆಗೇ. ಅಣ್ಣ ಅಲ್ಲೇ ಪ್ರೆಸ್ಸಿಗೆ ಬೀಗ ಹಾಕಿ, ನಮ್ಮ ಟಿವಿಎಸ್ ಗಾಡಿ ಹತ್ತಿ ಹೊರಟರಂತೆ. ಅಪ್ಪ ಎಲ್ಲೆಲ್ಲಿ ಕೆಲಸ ಮಾಡಿದ್ದ ಅಂತ ಅವರಿಗೆ ಅಂದಾಜಿತ್ತು. ಅವತ್ತು ಕತ್ತಲಾಗುವವರೆಗೆ, ಮತ್ತೆ ಮಾರನೇ ಬೆಳಗ್ಗೆ ಕೋಟೆ ಕಡೆ, ಪ್ರತಿ ಊರಿನ ಅರಳಿಕಟ್ಟೆ ಹತ್ತಿರ, ಟೀ ಅಂಗಡಿ ಹತ್ತಿರ, ಡೈರಿ ಮುಂದೆ ಗಾಡಿ ನಿಲ್ಲಿಸಿ, ಕೋಳಿಯೋರ ಜವರಪ್ಪ ತೀರ್ಕೊಂಡವ್ರೆ, ತಿಥಿಗೆ ಬನ್ನಿ ಅಂತ ಕೂಗಿ ಹೇಳಿಕೊಂಡು ಬಂದಿದ್ದಾರೆ. ಅರವತ್ತು ದಾಟಿದ ಮನುಷ್ಯ. ಎಲ್ಲರಿಗಿಂತ ಕೊನೆಗೆ ಬಂದರು, ಮೈಯೆಲ್ಲ ಕೆಂಪು ಧೂಳು, ದನಿ ಪೂರ್ತಿ ಕಟ್ಟಿಹೋಗಿತ್ತು. ನಾನು ಅವರ ಕಾಲು ಮುಟ್ಟೋಕೆ ಬಗ್ಗಿದೆ. ತಡೆದರು. "ಓಗಿ ಬಡಿಸವ್ವ, ಜನ ಎಲೆ ಮುಂದೆ ಕುಂತವ್ರೆ" ಅಂದರು, ಅಷ್ಟೇ. ನಾನು ಹೇಳಿರಲಿಲ್ವಾ ಅಂತ ಅವತ್ತೂ ಅನ್ನಲಿಲ್ಲ, ಆಮೇಲೆ ಒಂಬತ್ತು ವರ್ಷದಲ್ಲಿ ಒಂದು ದಿನವೂ ಅನ್ನಲಿಲ್ಲ. ಒಂದು ಒತ್ತಕ್ಷರ ಬಿಟ್ಟರೆ ವಾರಗಟ್ಟಲೆ ಆಡಿಕೊಳ್ಳುತ್ತಿದ್ದವರು.

ಅವರ ಪೆನ್ಸಿಲ್ ಗುರುತೂ ನನ್ನ ಪೆನ್ನಿನ ಗೀಟೂ ಇರುವ ಆ ಪ್ರೂಫನ್ನ ನಾನು ಹರಿದು ಹಾಕಲಿಲ್ಲ. ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಂಡೆ.

ಇಂಥವರನ್ನ, ನಿಮ್ಮ ಮನೆ ಹೆಸರೇನಣ್ಣ ಅಂತ ಕೇಳಿದರೆ, ನಮ್ಮದೇನವ್ವ ಬಾಡಿಗೆ ಮನೆಯೋರು ಅಂತ ತೇಲಿಸಿಬಿಡುತ್ತಿದ್ದರು. ಮೂಲ ಕೋಟೆ ಕಡೆಯಂತೆ, ಹುಡುಗರಾಗಿದ್ದಾಗಲೇ ತಂದೆ ತಾಯಿ ಹುಣಸೂರಿಗೆ ಬಂದುಬಿಟ್ಟರಂತೆ, ಆ ಊರಿನ ಜೊತೆ ಹಳೇ ಹೆಸರೂ ಹೋಯಿತಂತೆ. ಇಷ್ಟೇ ಗೊತ್ತಿದ್ದದ್ದು ನನಗೆ.

ಕಾರ್ಡು ಮಾಡಿಸೋಕೆ ಮಗ ಬಂದ. ಮೈಸೂರಲ್ಲಿ ಫರ್ನಿಚರ್ ಅಂಗಡಿಯಲ್ಲಿ ಕೆಲಸ, ಒಳ್ಳೆಯವನು, ಮಾತು ಕಮ್ಮಿ. ಫೋನಲ್ಲಿ ಅಪ್ಪನ ಫೋಟೋ ತೋರಿಸಿದ. ಕೋಟು ಹಾಕಿಸಿದ್ದ, ಟೈನೂ ಇತ್ತು. ಕಿವಿ ಮೇಲಿನ ಪೆನ್ಸಿಲು ಅಳಿಸಿದ್ದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮನೆ ಹೆಸರು ಏನು ಹಾಕಲಿ ಅಂತ ಕೇಳಿದೆ. ಏನೂ ಬೇಡ ಅಂದ. ನಿಮ್ಮಪ್ಪನ ಕಾಯಿದೆ ಕಣಪ್ಪ, ತಿಥಿ ಕಾರ್ಡಿಗೆ ಹಾಕಲೇಬೇಕು ಅಂದೆ. ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

"ನಮ್ಮ ಬೀದೀಲಿ ನಮ್ಮನೇನ ತಿಥಿ ಕಾಗ್ದದೋರ ಮನೆ ಅಂತಾರೆ ಅಕ್ಕ. ಸ್ಕೂಲಲ್ಲಿ ಊಟಕ್ಕೆ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ನಂಗೆ ನೋಡಿದ್ದ ಎರಡು ಹೆಣ್ಣು ಈ ಹೆಸರಿಗೇ ತಪ್ಪೋಯ್ತು. ಅಪ್ಪಂಗೆ ಎಲ್ಲ ಗೊತ್ತಿತ್ತು. ಅದ್ಕೇ ಎಲ್ಲೂ ಹೇಳ್ಕೋತಿರ್ಲಿಲ್ಲ. ಈಗ ಅದನ್ನ ಅಚ್ಚು ಹಾಕ್ಬೇಕಾ ನೀವು?"

ಅವನು ಹೇಳಿದ ಮೇಲೆ ಒಂದೊಂದೇ ಹೊಳೆಯುತ್ತಾ ಬಂತು. ಹಳ್ಳಿಯವರು ಹೊತ್ತಲ್ಲದ ಹೊತ್ತಲ್ಲಿ ಬಂದು, ಪ್ರೆಸ್ಸಿಗೆ ಬೀಗ ಕಂಡು, ಇವರ ಮನೆ ಬಾಗಿಲನ್ನೇ ತಟ್ಟುತ್ತಿದ್ದರು. ಬೀದಿಯವರಿಗೆ ಆ ಮನೆ ಅಂದರೆ ಸತ್ತ ಸುದ್ದಿ ಹೊತ್ತವರು ಬರುವ ಮನೆ. ಮಗನ ಮದುವೆ ಕಾರ್ಡನ್ನು ಅವರು ಯಾರ ಕೈಗೂ ಕೊಡದೆ ತಾವೇ ನೋಡಿಕೊಂಡಿದ್ದು, ಅದರಲ್ಲಿ ಮನೆ ಹೆಸರು ಇಲ್ಲದೆ ಇದ್ದದ್ದು, ಆಗ ನಾನು ಗಮನಿಸಿರಲೇ ಇಲ್ಲ. ಊರಿನವರ ಹೆಸರನ್ನೆಲ್ಲ ಸಲೀಸಾಗಿ ಹೇಳುತ್ತಿದ್ದ ಮನುಷ್ಯ ಮಗನಿಗೋಸ್ಕರ ತಮ್ಮದೊಂದನ್ನ ನುಂಗಿಕೊಂಡಿದ್ದರು. ನನ್ನ ಜೊತೆ ಅವತ್ತು ಯಾಕೆ ವಾದ ಮುಂದುವರಿಸಲಿಲ್ಲ ಅನ್ನೋದೂ ಆಗ ಅರ್ಥವಾಯಿತು. ಅವಮಾನ ಅಂದರೆ ಏನು ಅಂತ ಮನೆಯಲ್ಲೇ ನೋಡಿದ್ದರು.

ಬೇಡ ಅಂದವನಿಗೆ ಬಲವಂತ ಮಾಡೋಕೆ ನನಗೆ ಬಾಯಿ ಬರಲಿಲ್ಲ. ಡ್ರಾಯರ್ ತೆಗೆದು ನಮ್ಮಪ್ಪನ ಪ್ರೂಫನ್ನ ಅವನ ಮುಂದೆ ಇಟ್ಟೆ. ಕೆಂಪು ಪೆನ್ಸಿಲಿನ ಅಕ್ಷರ ನೋಡಿದ ತಕ್ಷಣ, ಅಪ್ಪನ ಬರಹ ಅಂದ. ಹೌದಪ್ಪ ಅಂತ ಕೋಟಿನಿಂದ ಹಿಡಿದು ಹಾರದವರೆಗೆ, ಹಾರದಿಂದ ಹಿಡಿದು ಅವರ ಕಟ್ಟಿಹೋದ ದನಿಯವರೆಗೆ ಎಲ್ಲ ಹೇಳಿದೆ. ಅವನಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಆ ವಾರ ಅಪ್ಪನಿಗೆ ಯಾಕೆ ಮಾತು ನಿಂತಿತ್ತು ಅಂತ ಈಗ ಗೊತ್ತಾಯಿತು, ಥಂಡಿ ಅಂತ ಹೇಳಿದ್ದರು ಅಂದ. ಹಾಕುವುದು ಬಿಡುವುದು ನಿನ್ನಿಷ್ಟ, ನಿನ್ನ ತಂದೆ ಅಂದೆ. ಆ ಪ್ರೂಫನ್ನ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಹೊಡೆದುಹಾಕಿದ್ದ ಗೀಟಿನ ಮೇಲೆ ಬೆರಳಾಡಿಸಿದ.

"ಹಾಕಿ ಅಕ್ಕ" ಅಂದ. ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದ. "ಕೋಟು ತೆಗ್ದ್‌ಬಿಡಿ."

ತಿಥಿ ಅವರ ಬೀದಿಯ ಪಕ್ಕದ ಖಾಲಿ ಸೈಟಿನಲ್ಲಿ. ಶಾಮಿಯಾನದ ಬಾಯಲ್ಲಿ ಮಗ ಕೈ ಮುಗಿದುಕೊಂಡು ನಿಂತಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಹತ್ತು ಗಂಟೆಗೇ ಜನ ಶುರುವಾಯಿತು. ಮಗನಿಗೆ ಒಬ್ಬರ ಪರಿಚಯವೂ ಇಲ್ಲ. ಬಂದವರಿಗೂ ಅದು ಗೊತ್ತಿತ್ತು. ಅದಕ್ಕೇ ಒಬ್ಬೊಬ್ಬರೂ ಅವನ ಕೈ ಹಿಡಿದುಕೊಂಡು ತಾವಾಗಿಯೇ ಹೇಳಿಕೊಳ್ಳುತ್ತಾ ಒಳಗೆ ಹೋದರು. ನಾವು ಉಪ್ಪು ಮರ್ತೋರು ಕಣಪ್ಪ. ನಾವು ತೂಬಿನೋರು. ನಾವು ಸೈಕಲ್ನೋರು. ಆನೆ ಓಡಿಸ್ದೋರೂ ಓಡ್ದೋರೂ ಒಂದೇ ಜೀಪಲ್ಲಿ ಬಂದಿದ್ದರು. ಪ್ರೆಸ್ಸಿನಲ್ಲಿ ನನ್ನ ಮುಂದೆ ಹೇಳೋಕೆ ನಾಚಿಕೊಂಡು ಗೋಡೆ ನೋಡುತ್ತಿದ್ದ ಗೊರಕೆಯೋರ ಮನೆಯವನು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದ. ಮಗ ಮೊದಮೊದಲು ಸುಮ್ಮನೆ ತಲೆಯಾಡಿಸುತ್ತಿದ್ದ. ಆಮೇಲೆ ಅವನೇ, ನಾವು ತಿಥಿ ಕಾಗ್ದದೋರು, ಬನ್ನಿ ಅಂತ ಕರೆಯೋಕೆ ಶುರು ಮಾಡಿದ.

ನಾನು ಅಡುಗೆಯ ಕಡೆ ಓಡಾಡಿಕೊಂಡಿದ್ದು, ಮೊದಲ ಪಂಕ್ತಿ ಕೂರುವ ಹೊತ್ತಿಗೆ ಮುಂದಕ್ಕೆ ಬಂದೆ. ಸೊಸೆ ನನ್ನನ್ನ ಮದುವೆ ದಿನ ಒಂದು ಸಲ ನೋಡಿದ್ದಳು, ಗುರುತು ಹತ್ತಲಿಲ್ಲ. ಬೆಳಗ್ಗೆಯಿಂದ ಅದನ್ನೇ ಕೇಳಿ ಕೇಳಿ ಅವಳಿಗೂ ರೂಢಿಯಾಗಿತ್ತು. "ನೀವು ಯಾವ ಮನೆಯೋರು ಅಕ್ಕ?" ಅಂದಳು.

ಪ್ರೆಸ್ಸಿನವರು ಅನ್ನಬಹುದಿತ್ತು. ಈ ಪೇಟೆಯಲ್ಲಿ ಇಷ್ಟು ವರ್ಷ ಹಾಗೇ ಹೇಳಿಕೊಂಡು ಬಂದಿದ್ದೆ.

"ಕೋಳಿಯೋರ ಮನೆ ಮಗಳು ಕಣವ್ವ" ಅಂದೆ.

ಪಂಕ್ತಿಯಲ್ಲಿ ಆಗಲೇ ಕೂತಿದ್ದ ಮುದುಕರೊಬ್ಬರು ನೀರು ಚಿಮುಕಿಸುತ್ತಿದ್ದ ಕೈ ನಿಲ್ಲಿಸಿ ತಿರುಗಿ ನೋಡಿದರು. "ಜವರಪ್ಪನ ಮಗಳಾ? ಬಾ ತಾಯಿ, ಇಲ್ಲಿ ಜಾಗ ಅದೆ" ಅಂತ ತಮ್ಮ ಎಲೆಯನ್ನ ಸ್ವಲ್ಪ ಆ ಕಡೆಗೆ ಎಳೆದುಕೊಂಡರು.